ಕಪ್ಪು ಪರದೆ ಮತ್ತು ಪಕ್ಕದ ಕುರ್ಚಿ

ವಿಶಾಖಪಟ್ಟಣದ ಆಫೀಸಿನಲ್ಲಿ ನಾನು ಮೌಸ್ ಮುಟ್ಟುತ್ತಿರಲಿಲ್ಲ. ಕಪ್ಪು ಪರದೆಯ ಮೇಲೆ ಕಮಾಂಡ್ ಟೈಪ್ ಮಾಡಿಯೇ ನನ್ನ ಕೆಲಸವೆಲ್ಲ. ಅದರ ಬಗ್ಗೆ ಸ್ವಲ್ಪ ಜಂಬವೂ ಇತ್ತು, ಸುಳ್ಳು ಯಾಕೆ ಹೇಳಲಿ. ಟೀಮಿನ ಉಳಿದವರೆಲ್ಲ ಬಣ್ಣಬಣ್ಣದ ಬಟನ್ ಇರುವ ಸಾಫ್ಟ್‌ವೇರ್ ಬಳಸುತ್ತಿದ್ದರು. ಕೋಡಿನ ಒಂದೇ ಸಾಲನ್ನು ಇಬ್ಬರು ಬೇರೆ ಬೇರೆ ರೀತಿ ತಿದ್ದಿದಾಗ ಯಾರದ್ದು ಉಳಿಯಬೇಕು ಎಂದು ತೀರ್ಮಾನಿಸಬೇಕಲ್ಲ, ಆಗ ಒಬ್ಬರು ಕುರ್ಚಿ ಎಳೆದುಕೊಂಡು ಇನ್ನೊಬ್ಬರ ಪಕ್ಕ ಹೋಗಿ ಕೂರುತ್ತಿದ್ದರು. ಪರದೆಯ ಎಡಕ್ಕೆ ಒಬ್ಬರ ಕೋಡ್, ಬಲಕ್ಕೆ ಇನ್ನೊಬ್ಬರದು. ಬೆರಳು ತೋರಿಸುತ್ತಾ ತೆಲುಗಿನಲ್ಲಿ ಹರಟೆ, ನಡುನಡುವೆ ಮನೆಯಿಂದ ತಂದ ಜಂತಿಕಲು ಎಂಬ ಚಕ್ಕುಲಿ ಕುರುಕುವುದು. ನಾನು ಅದೇ ಕೆಲಸವನ್ನು ಒಬ್ಬಳೇ ಚಕಚಕನೆ ಮುಗಿಸಿ, ಪಾಪ, ಇವರಿಗೆ ಕಮಾಂಡ್ ಬರುವುದಿಲ್ಲ ಅಂದುಕೊಳ್ಳುತ್ತಿದ್ದೆ.

ಹಾಗಾಗಿ ನನ್ನ ಪಕ್ಕಕ್ಕೆ ಯಾರ ಕುರ್ಚಿಯೂ ಬರಲಿಲ್ಲ. ಬೆಳಿಗ್ಗೆ ಊರಂಚಿನ ಪೆಂಡುರ್ತಿಯ ರೂಮಿನಿಂದ ಹೊರಟು ಬಸ್ಸು ಹತ್ತಿದರೆ, ಸಂಜೆ ವಾಪಸ್ ಬರುವವರೆಗೆ ಕಂಡಕ್ಟರ್ ಹತ್ತಿರ ಬಿಟ್ಟರೆ ಬಾಯಿಯೇ ತೆರೆಯದ ದಿನಗಳಿದ್ದವು. ದಾವಣಗೆರೆಯಿಂದ ಅಮ್ಮ ಫೋನ್ ಮಾಡಿದಾಗ ಗಂಟಲು ಸರಿಪಡಿಸಿಕೊಂಡು ಮಾತಾಡಬೇಕಿತ್ತು. ನನಗೆ ಯಾರಾದರೂ ಬೇಕಾಗಿತ್ತು, ಅಷ್ಟೇ.

ಒಂದು ದಿನ ತಡೆಯಲಾಗದೆ ಆ ಬಟನ್ ಸಾಫ್ಟ್‌ವೇರನ್ನು ನಾನೂ ಹಾಕಿಕೊಂಡೆ. ಅವತ್ತು ನನ್ನ ತಿದ್ದುಪಡಿಯೂ ಎದುರು ಸಾಲಿನಲ್ಲಿ ಕೂರುವ ವಿಜಯವಾಡದ ಹಿರಿಯ ಸಹೋದ್ಯೋಗಿಯದೂ ಕೋಡಿನ ಒಂದೇ ಸಾಲಿನ ಮೇಲೆ ಒಂದಕ್ಕೊಂದು ತಾಗಿದ್ದವು. ಎಲ್ಲರೂ ಅವರನ್ನು ಅಕ್ಕ ಅಂತಲೇ ಕರೆಯುತ್ತಿದ್ದರು. ಇದು ಹೇಗೆಂದು ಗೊತ್ತಾಗುತ್ತಿಲ್ಲ ಎಂದು ಹರಕುಮುರುಕು ತೆಲುಗಿನಲ್ಲಿ ಹೇಳಿದೆ. ಅವರು ಬಂದು ಪಕ್ಕದಲ್ಲಿ ಕೂತು, ಎಲ್ಲಿ ಒತ್ತಬೇಕು ಎಂದು ನಿಧಾನವಾಗಿ ತೋರಿಸಿದರು. ನಾನು ಏನೂ ತಿಳಿಯದವಳ ಹಾಗೆ ತಲೆಯಾಡಿಸಿದೆ. ಆದರೆ ಬೆರಳು ಕೇಳಬೇಕಲ್ಲ, ನನಗೆ ಅರಿವಿಲ್ಲದೆ ಕಪ್ಪು ಪರದೆ ತೆರೆದು ಅರ್ಧ ಕಮಾಂಡ್ ಟೈಪ್ ಮಾಡಿಬಿಟ್ಟಿದ್ದೆ. ಅಕ್ಕ ಕೀಬೋರ್ಡನ್ನು ತಮ್ಮ ಕಡೆ ಎಳೆದುಕೊಂಡು ಉಳಿದರ್ಧವನ್ನು ನನಗಿಂತ ಬೇಗ ಟೈಪ್ ಮಾಡಿದರು.

"ಇದು ನಮಗೆಲ್ಲ ಬರುತ್ತಮ್ಮಾ," ಎಂದರು ತೆಲುಗಿನಲ್ಲಿ. "ಇಬ್ಬರದು ತಾಗಿದಾಗ ಇಬ್ಬರೂ ಕೂತು ಮಾತಾಡಲಿ ಅಂತ ಆ ಬಟನ್ ಪದ್ಧತಿ ಇಟ್ಟುಕೊಂಡಿದ್ದೀವಿ. ನಿನಗೆ ಒಬ್ಬಳೇ ಇರೋದು ಇಷ್ಟ ಅಂದುಕೊಂಡು ನಾವು ಯಾರೂ ಬರಲಿಲ್ಲ."

ನಾಚಿಕೆ, ಅಳು ಎರಡೂ ಒಟ್ಟಿಗೆ ಬಂದವು. ಇಷ್ಟವೇನೂ ಇರಲಿಲ್ಲ ಎಂದೆ. ವಿಜಯವಾಡದ ಬೆಂಜ್ ಸರ್ಕಲ್ ಹತ್ತಿರ ಇರುವ ನಮ್ಮ ಇನ್ನೊಂದು ಆಫೀಸಿಗೆ ನನ್ನನ್ನು ಹಾಕಿದ್ದರು, ಮುಂದಿನ ವಾರವೇ ಹೊರಡಬೇಕಿತ್ತು. ಹೇಳಿಕೊಳ್ಳುವಷ್ಟು ಹತ್ತಿರದವರು ಇಲ್ಲದೆ ಯಾರಿಗೂ ಹೇಳಿರಲಿಲ್ಲ. ಅದನ್ನೂ ಅವರಿಗೆ ಹೇಳಿದೆ.

ಅಕ್ಕ ಕೀಬೋರ್ಡನ್ನು ನನ್ನ ಕಡೆಗೆ ತಳ್ಳಿದರು.

"ಹೊರಡೋ ಹೊತ್ತಿಗಾ ಪಕ್ಕಕ್ಕೆ ಕರೆಯೋದು?" ಎಂದರು.