ಮೊದಲ ಬೀಜ ಇಟ್ಟವಳು

ಕಳೆದ ವಾರ ಜಗಲಿ ಗುಡಿಸುವಾಗ ನೆಲದ ಹೆಂಚಿನ ಸಂದಿನಿಂದ ಒಂದು ಮಂಜೊಟ್ಟಿ ಎದ್ದು ಬಂತು. ಚೆನ್ನೆಮಣೆಯ ಗುಳಿಗಳಿಗೆ ಹಾಕುತ್ತೇವಲ್ಲ, ಆ ಕೆಂಪು ಬೀಜ. ಎಷ್ಟು ವರ್ಷದಿಂದ ಅಲ್ಲಿ ಅಡಗಿ ಕೂತಿತ್ತೋ, ಬಣ್ಣ ಮಾತ್ರ ಒಂದಿಷ್ಟೂ ಮಾಸಿರಲಿಲ್ಲ. ಪೊರಕೆ ಅಲ್ಲಿಯೇ ಬಿಟ್ಟು ಮೆಟ್ಟಿಲ ಮೇಲೆ ಕೂತೆ. ಕಾಕ ನೆನಪಾದರು...

ಬಂಟ್ವಾಳ ಪೇಟೆಯಲ್ಲಿ ಅವರದು ಹೆಂಚು, ಕೆಂಪು ಕಲ್ಲಿನ ಅಂಗಡಿ. ಬ್ಯಾರಿ ಮುಸಲ್ಮಾನರ ಹಿರಿಯರನ್ನು ನಮ್ಮಲ್ಲಿ ಕಾಕ ಎನ್ನುವುದು. ಅವರು ಇಡೀ ಪೇಟೆಗೇ ಕಾಕ. ಗಿರಾಕಿಗಳಿಗೆ ತೋರಿಸಲೆಂದು ಅಂಗಡಿಯ ಎದುರು ಆರು ಮೂಲೆಯ ಹೆಂಚುಗಳನ್ನು ಎರಡು ಚಾಪೆಯಷ್ಟು ಅಗಲಕ್ಕೆ ಹಾಸಿದ್ದರು. ಗಿರಾಕಿಗಳು ಅದನ್ನು ನೋಡಿದ್ದಕ್ಕಿಂತ ಅಕ್ಕ ಮತ್ತು ನಾನು ಅದರ ಮೇಲೆ ಕೂತದ್ದೇ ಹೆಚ್ಚು.

ಶಾಲೆ ಬಿಟ್ಟು ಬರುವಾಗ ಅಲ್ಲಿ ಒಂದಾಟ ಆಡದೆ ನಾವು ಮನೆ ಸೇರಿದ್ದಿಲ್ಲ. ಒಬ್ಬಳಿಗೆ ಮಂಜೊಟ್ಟಿ, ಇನ್ನೊಬ್ಬಳಿಗೆ ಹುಣಸೆ ಬೀಜ. ಸರದಿಯ ಮೇಲೆ ಒಂದೊಂದು ಹೆಂಚಿನಲ್ಲಿ ಒಂದೊಂದು ಬೀಜ ಇಡುವುದು. ಇಟ್ಟ ಮೇಲೆ ತೆಗೆಯುವ ಹಾಗಿಲ್ಲ. ಮಂಜೊಟ್ಟಿಯವಳು ಅಂಗಡಿಯ ಮೆಟ್ಟಿಲಿನಿಂದ ರಸ್ತೆಯ ಅಂಚಿನವರೆಗೆ ಸಾಲು ಕೂಡಿಸಬೇಕು, ಹುಣಸೆಯವಳು ಈ ಕಂಬದಿಂದ ಆ ಕಂಬಕ್ಕೆ. ಒಬ್ಬಳ ದಾರಿ ಕೂಡಿತೆಂದರೆ ಇನ್ನೊಬ್ಬಳದು ಮುಚ್ಚಿತು. ಸಮ ಎಂದು ಆಗುವುದೇ ಇಲ್ಲ. ಈ ಆಟ ಕಾಕನಿಗೆ ಎಲ್ಲಿ ಸಿಕ್ಕಿತೋ... ಒಮ್ಮೆ ಹಡಗಿನಲ್ಲಿ ಕಲಿತದ್ದು ಎನ್ನುತ್ತಿದ್ದರು, ಇನ್ನೊಮ್ಮೆ ನಾನೇ ಮಾಡಿದ್ದು ಎನ್ನುತ್ತಿದ್ದರು. ಬೊಗಳೆಯಲ್ಲಿ ಅವರನ್ನು ಮೀರಿಸುವವರು ಪೇಟೆಯಲ್ಲಿರಲಿಲ್ಲ.

ಚಿಕ್ಕವಳೆಂದು ಮೊದಲ ಬೀಜ ಯಾವಾಗಲೂ ನನ್ನದು. ನಟ್ಟನಡುವೆ ಇಟ್ಟುಬಿಟ್ಟರೆ ಆಮೇಲೆ ಅಕ್ಕ ತಿಪ್ಪರಲಾಗ ಹಾಕಿದರೂ ಅಷ್ಟೇ. ಒಂದು ದಿನ ಅವಳು ಬೀಜಗಳನ್ನೆಲ್ಲ ರಸ್ತೆಗೆ ಎಸೆದು ಗೊಳೋ ಎಂದು ಅತ್ತಳು. ಕಾಕ ಬೀಡಿ ಆರಿಸಿ ಎದ್ದು ಬಂದರು.

“ಇನ್ನು ಹೀಗೆ. ಮೊದಲ ಬೀಜ ಇಟ್ಟವಳು ಬಾಯಿ ಮುಚ್ಚಿ ಕೂತ್ಕೊಳ್ಳಬೇಕು. ಅದು ಯಾರದ್ದು ಅಂತ ಇನ್ನೊಬ್ಬಳು ಹೇಳ್ತಾಳೆ.”

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ನಡುವೆ ಇಟ್ಟರೆ ಅಕ್ಕ ತನ್ನದು ಎನ್ನುತ್ತಾಳೆ. ಮೂಲೆಯಲ್ಲಿಟ್ಟರೆ ಅದು ನಿನಗೇ ಇರಲಿ ಎಂದು ಹಲ್ಲು ಕಿರಿಯುತ್ತಾಳೆ. ಯಾರ ಪಾಲಿಗೆ ಹೋದರೂ ಹೊಟ್ಟೆ ಉರಿಯದಂಥ ಜಾಗ ಹುಡುಕಿ ಹುಡುಕಿ ತಲೆ ಚಿಟ್ಟು ಹಿಡಿಯುತ್ತಿತ್ತು.

ಅಮ್ಮ ತೀರಿಕೊಂಡ ಮೇಲೆ ಮನೆ ಪಾಲಿಗೆ ಬಂತು. ನಮ್ಮಲ್ಲಿ ಮನೆ ಹೆಣ್ಣುಮಕ್ಕಳಿಗೆ. ಬೆಳ್ತಂಗಡಿಗೆ ಮದುವೆಯಾಗಿ ಹೋಗಿದ್ದ ಅಕ್ಕ ಗಂಡ, ಮಕ್ಕಳೊಂದಿಗೆ ಬಂದಳು. ನಡುವಿನ ಬಾಗಿಲು ಮುಚ್ಚಿದರೆ ಮನೆ ಸರಿಯಾಗಿ ಎರಡಾಗುತ್ತಿತ್ತು. ಆದರೆ ಹಿತ್ತಿಲಿನಲ್ಲಿ ಬಾವಿ ಒಂದೇ, ಬೇಸಗೆಯಲ್ಲೂ ಬತ್ತದ ಬಾವಿ. ಅದಿರುವ ಬದಿ ನನಗೂ ಬೇಕು, ಅವಳಿಗೂ ಬೇಕು. ಊರಿನ ಹಿರಿಯರು ಬಂದರು, ಚಹಾ ಕುಡಿದರು, ಹೋದರು. ನಾವಿಬ್ಬರು ಮಾತು ಬಿಟ್ಟೆವು. ಅಕ್ಕನ ಒಲೆಯಿಂದ ಮೀನುಸಾರಿನ ಪರಿಮಳ ಬಂದರೆ ನಾನು ಕಿಟಕಿ ಮುಚ್ಚುತ್ತಿದ್ದೆ. ಅಮ್ಮನಂತೂ ಹೋದರು, ಅಕ್ಕ ಕಣ್ಣೆದುರಿಗೆ ಇದ್ದೂ ಇಲ್ಲದಂತಾದಳಲ್ಲ, ಅದು ನನ್ನನ್ನು ಹಿಂಡಿ ಹಾಕಿತು.

ಕಡೆಗೆ ಗೋಡೆಯೇ ಕಟ್ಟಿಸಿಬಿಡುವ ಎಂದು ಕೆಂಪು ಕಲ್ಲು ಕೇಳಲು ಕಾಕನಲ್ಲಿಗೆ ಹೋದೆ. ಆಗಲೇ ಅವರಿಗೆ ವಯಸ್ಸಾಗಿತ್ತು.

“ಕಲ್ಲು ಕೊಡುವ. ಮೊದಲು ಗೆರೆ ಎಲ್ಲಿ ಅಂತ ನೋಡುವ,” ಎಂದರು.

ಮರುದಿನ ಹೆಗಲಿಗೆ ನಾರಿನ ಹಗ್ಗದ ಸುರುಳಿ ಹಾಕಿಕೊಂಡು ಬಂದೇಬಿಟ್ಟರು. ಅಕ್ಕನನ್ನು ಕರೆದು ಹಿಂದಿನ ಜಗಲಿಯಲ್ಲಿ ಕೂರಿಸಿದರು. ಹಗ್ಗ ನನ್ನ ಕೈಗಿಟ್ಟರು.

“ಚಿಕ್ಕವಳು ಹಗ್ಗ ಹಾಕಲಿ. ಆಮೇಲೆ ಬಾಯಿ ಮುಚ್ಚಿ ಕೂತ್ಕೊಳ್ಳಲಿ. ಯಾವ ಬದಿ ಯಾರದ್ದು ಅಂತ ದೊಡ್ಡವಳು ಹೇಳ್ತಾಳೆ. ನೆನಪುಂಟಲ್ಲ?”

ಅಕ್ಕ ಫಕ್ಕನೆ ನಕ್ಕಳು. ತಿಂಗಳುಗಟ್ಟಲೆ ಕೇಳದ ನಗು.

ಹಗ್ಗವನ್ನು ಬಾವಿಯ ಆಚೆ ಎಳೆದೆ. ಬಾವಿ ಇರುವ ಬದಿಯನ್ನು ಅವಳು ಬಿಡುತ್ತಾಳೆಯೇ? ಈಚೆ ಎಳೆದೆ, ಅದೇ ಕಥೆ. ಬೆವರಿಳಿಯಿತು. “ಬೇಗ, ಬೇಗ, ನಮಾಜಿಗೆ ಹೊತ್ತಾಯಿತು,” ಎಂದು ಕಾಕ ಗದರಿದರು. ನಾನು ರೇಗಿ ಹಗ್ಗವನ್ನು ಬಾವಿಯ ನೆತ್ತಿಯ ಮೇಲೆಯೇ ಹಾಯಿಸಿ ಬೇಲಿಯವರೆಗೆ ಎಳೆದುಬಿಟ್ಟೆ. ಅರ್ಧ ಬಾವಿ ಆಚೆ, ಅರ್ಧ ಈಚೆ.

“ಆಟದಲ್ಲಿ ಸಮ ಇಲ್ಲ ಅಂತ ಹೇಳಿದ್ದೆ,” ಎಂದರು ಕಾಕ. “ಬಾವಿಯಲ್ಲಿ ಉಂಟು ಮಾರಾಯ್ತಿ!”

ಅಕ್ಕ ಎಡಬದಿ ತೆಗೆದುಕೊಂಡಳು. ನನಗೆ ನಿಜವಾಗಿಯೂ ಹೊಟ್ಟೆ ಉರಿಯಲಿಲ್ಲ. ಕಲ್ಲು ಕಾಕನೇ ಕಳಿಸಿದರು. ಗೋಡೆ ಬಾವಿಕಟ್ಟೆಯ ಎರಡೂ ಮಗ್ಗುಲಿಗೆ ಬಂದು ನಿಂತಿತು. ಬಾವಿಗೆ ಎರಡು ರಾಟೆ ಬಂತು. ಬೆಳಿಗ್ಗೆ ನೀರು ಸೇದಲು ಹೋದರೆ ಎದುರಿಗೆ ಅಕ್ಕನ ಮುಖ. ಎಷ್ಟು ದಿನ ಅಂತ ಕೊಡದೊಳಗೆ ನೋಡುವುದು? ಮೊದಲು ಹಗ್ಗ ಸವೆದ ಮಾತು, ಆಮೇಲೆ ಮೀನಿನ ಮಾತು, ಆಮೇಲೆ ಎಲ್ಲವೂ ಬಂತು.

ಕಾಕ ಹೋಗಿ ವರ್ಷಗಳಾದವು. ಮಾಣಿ ಎಂಬ ಊರಿನಲ್ಲಿದ್ದ ಮಗಳ ಮನೆಯಲ್ಲಿ ಕೊನೆಯಾಯಿತು; ಅಕ್ಕ ಮತ್ತು ನಾನು ಒಂದೇ ಸೀಟಿನಲ್ಲಿ ಕೂತು ಬಸ್ಸಿನಲ್ಲಿ ಹೋಗಿ ಬಂದೆವು. ಅಂಗಡಿ ಇದ್ದಲ್ಲಿ ಈಗ ಮೊಬೈಲ್ ಮಾರುತ್ತಾರೆ. ಆ ಹೆಂಚಿನ ಹಾಸು ಕಾಂಕ್ರೀಟಿನಡಿ ಹೋಯಿತು. ನನಗೆ ಅಕ್ಕ ಉಳಿದದ್ದು ಆ ಮನುಷ್ಯನಿಂದ. ಅದನ್ನು ಅವರ ಎದುರು ಹೇಳುವಷ್ಟು ಬುದ್ಧಿ ನಮಗೆ ಆಗ ಇರಲಿಲ್ಲ...

ಮಂಜೊಟ್ಟಿಯನ್ನು ಸೆರಗಿನ ತುದಿಗೆ ಕಟ್ಟಿಕೊಂಡು ಹಿತ್ತಿಲಿಗೆ ಹೋದೆ. ಪಂಪು ಬಂದ ಮೇಲೂ ಅಕ್ಕ ಕುಡಿಯುವ ನೀರನ್ನು ಸೇದಿಯೇ ತರುವುದು. ಬೀಜವನ್ನು ಬಾವಿಕಟ್ಟೆಯ ನಡುವೆ ಇಟ್ಟೆ. ಅವಳು ಕೊಡ ಕೆಳಗಿಟ್ಟು ಅದನ್ನೇ ನೋಡಿದಳು.

“ಇದು ಯಾರದ್ದು ಅಂತ ನಾನು ಹೇಳಬೇಕಲ್ಲ?”

ನಾನು ಬಾಯಿ ಮುಚ್ಚಿ ಕೂತೆ. ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಳು.

“ಕಾಕನದ್ದು,” ಎಂದಳು.