ಅಡಿಕೆ ಹಾಳೆಯ ಮುಖ

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ, ಒಪ್ಪಿಕೊಳ್ಳುತ್ತೇನೆ. ಆದರೆ ಕಾರಣವೂ ಇತ್ತು. ನನ್ನ ಮನೆ ಸಾಗರದಲ್ಲಿ, ಕೆಲಸ ಹೊಸನಗರದ ಕಡೆಯ ಒಂದು ಹಳ್ಳಿ ಶಾಲೆಯಲ್ಲಿ. ದಿನಾ ಎರಡು ಬಸ್ಸು ಬದಲಾಯಿಸಿ ಹೋಗಿ ಮಕ್ಕಳಿಗೆ ಚಿತ್ರ ಬರೆಯಿರಿ ಅಂದರೆ, ಒಂದನೇ ಕ್ಲಾಸಿನಿಂದ ಐದನೆಯದರವರೆಗೆ ಎಲ್ಲರದೂ ಒಂದೇ ಸೀನರಿ: ಎರಡು ತ್ರಿಕೋನದ ಗುಡ್ಡ, ನಡುವೆ ಸೂರ್ಯ, ಕೆಳಗೊಂದು ಹೊಳೆ, ಮೂಲೆಯಲ್ಲೊಂದು ತೆಂಗಿನ ಮರ. ಕಿಟಕಿಯಾಚೆ ನಿಜವಾದ ಗುಡ್ಡಗಳೇ ನಿಂತಿವೆ, ಒಂದಕ್ಕೂ ತ್ರಿಕೋನದ ತಲೆಯಿಲ್ಲ! ಹೆಡ್ ಮೇಷ್ಟ್ರಿಗೋ ಆ ಸೀನರಿಯೇ ಪ್ರಾಣ. "ಗೋಡೆ ತುಂಬಿದ್ರೆ ಸಾಕು ಟೀಚರ್. ನೀವೇ ಸ್ಕೆಚ್ ಪೆನ್ ತಗಂಡು ಅಂಚು ತಿದ್ಬಿಡಿ" ಅನ್ನುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಎಷ್ಟೋ ಸೀನರಿಗಳನ್ನು ಮಕ್ಕಳೆದುರೇ ಹರಿದು ಬುಟ್ಟಿಗೆ ಹಾಕಿದ್ದೇನೆ.

ತೀರ್ಥಹಳ್ಳಿಯಲ್ಲಿ ಶಾಲಾ ಮಕ್ಕಳ ಕಲಾ ಪ್ರದರ್ಶನ ಎಂದು ಸುತ್ತೋಲೆ ಬಂತು. ಈ ಸಲ ಪೇಟೆಯ ಬಣ್ಣವೂ ಬೇಡ, ಡ್ರಾಯಿಂಗ್ ಶೀಟೂ ಬೇಡ ಎಂದು ಹಟ ಹಿಡಿದೆ. ಅಡಿಕೆ ಮರದಿಂದ ಕಳಚಿ ಬೀಳುವ ಹಾಳೆ ಇದೆಯಲ್ಲ, ನೆನೆಸಿದರೆ ತೊಗಲಿನ ಹಾಗೆ ಬಗ್ಗುತ್ತದೆ. ಅದರಲ್ಲಿ ಮುಖವಾಡ ಮಾಡಿಸುವುದು. ಬಣ್ಣಕ್ಕೆ ಸುಣ್ಣ, ಅರಿಶಿನ, ಇದ್ದಿಲು. ಹೆಡ್ ಮೇಷ್ಟ್ರು ಮುಖ ಸಿಂಡರಿಸಿದರು. ಅದರಿಂದ ನನಗೆ ಇನ್ನಷ್ಟು ಹುಮ್ಮಸ್ಸು ಬಂತು. ನಾಲ್ಕನೇ ಕ್ಲಾಸಿಗೆ ಹೋಗಿ "ನಾಳೆ ಪ್ರತಿಯೊಬ್ರೂ ಎರಡೆರಡು ಹಾಳೆ ತರ್ಬೇಕು" ಎಂದು ಅಪ್ಪಣೆ ಮಾಡಿದೆ. ನನ್ನ ಬೆನ್ನು ನಾನೇ ತಟ್ಟಿಕೊಂಡೆ ಕೂಡ.

ಮರುದಿನ ಒಬ್ಬ ಹುಡುಗಿ ಹತ್ತು ಹಾಳೆಯ ಕಟ್ಟನ್ನು ತಲೆಯ ಮೇಲೆ ಹೊತ್ತು ಬಂದಳು. ಮಾತು ಕಡಿಮೆ, ಕೈ ಚುರುಕು ಇದ್ದ ಹುಡುಗಿ. ಹೊರೆ ಇಳಿಸಲೂ ಬಿಡದೆ ಅವಳನ್ನು ಕ್ಲಾಸಿನ ಮುಂದೆ ನಿಲ್ಲಿಸಿದೆ. "ನೋಡ್ರೋ ಸೋಮಾರಿಗಳಾ! ಎರಡು ಹೇಳಿದ್ರೆ ಹತ್ತು ತಂದಿದಾಳೆ. ಹೊಡೀರಿ ಚಪ್ಪಾಳೆ!" ಅಂದೆ. ಹಿಂದಿನ ಬೆಂಚಿನ ನಾಲ್ಕು ಹುಡುಗರು ಕಿಸಕ್ಕನೆ ನಕ್ಕರು. ಆ ನಾಲ್ವರ ಕೈಯೂ ಖಾಲಿ ಇತ್ತು. ನಕ್ಕಿದ್ದಕ್ಕೆ ಬೈದೆನೇ ಹೊರತು ಹಾಳೆ ಎಲ್ಲಿ ಎಂದು ಕೇಳಲಿಲ್ಲ. ಹುಡುಗಿ ಕಣ್ಣು ಎತ್ತಲಿಲ್ಲ. ನಾಚಿಕೆ ಅಂದುಕೊಂಡೆ.

ಉಳಿದವರೆಲ್ಲ ಹುಲಿ, ರಾಕ್ಷಸ ಮಾಡಿದರು. ಅವಳು ಮಾತ್ರ ತನ್ನ ಅಮ್ಮನ ಮುಖ ಮಾಡಿದಳು. ಅಡಿಕೆ ಬೇಯಿಸಿ ಉಳಿದ ಕೆಂಪು ಚೊಗರನ್ನು ಬಾಟಲಿಯಲ್ಲಿ ತಂದು ಕೆನ್ನೆಗೆ ಬಳಿದಳು. ಮುಂದಿನ ಹಲ್ಲೊಂದನ್ನು ಬಿಟ್ಟು ಬಾಯಿ ಕತ್ತರಿಸಿದಳು. ತೋಟದ ಕೆಲಸದವರು ಹಾಕುವ ಹಾಳೆ ಟೊಪ್ಪಿಯನ್ನು ಪುಟ್ಟದಾಗಿ ಮಾಡಿ ತಲೆಗಿಟ್ಟಳು. ಅಬ್ಬಾ! ಆ ಮುಖ ಈಗ ಮಾತಾಡುತ್ತದೆ ಅನ್ನಿಸಿತು. ಹತ್ತು ವರ್ಷ ಕಲಿಸಿದ್ದಕ್ಕೆ ಇದೊಂದು ಸಾಕು ಎಂದು ಆ ದಿನ ನಿಜವಾಗಿ ಖುಷಿಪಟ್ಟೆ.

ಎರಡು ದಿನ ಬಿಟ್ಟು ಆ ಅಮ್ಮನೇ ಬಂದಳು. ಮುಖವಾಡ ನೋಡಿದ್ದ ನನಗೆ ಗುರುತು ಹಿಡಿಯುವುದು ಕಷ್ಟವಾಗಲಿಲ್ಲ. ಮಗಳು ಬಾಗಿಲ ಹತ್ತಿರವೇ ನಿಂತಳು.

"ಹಾಳೆ ಹೆಕ್ಕಕ್ಕೆ ನಾನೊಬ್ಳು ಸಾಲ್ದಾ ಟೀಚರ್? ಇವ್ಳು ಹೆಕ್ಕಬಾರ್ದು ಅಂತಾನೇ ಶಾಲೆಗೆ ಕಳ್ಸಿದ್ದು."

"ಎಲ್ಲರಿಗೂ ಹೇಳಿದ್ದೆ. ನಿನ್ನ ಮಗಳೊಬ್ಬಳಿಗೇ ಅಲ್ಲ."

"ಎಲ್ರೂ ತಂದ್ರಾ? ನಾನು ಕೆಲ್ಸಕ್ಕೆ ಹೋಗೋ ತೋಟದೋರ ಹುಡುಗ ಇವ್ಳಿಗೆ ಏನಂದ ಗೊತ್ತಾ? 'ನಿಮ್ಮಮ್ಮ ಹೆಂಗೂ ನಮ್ಮನೆ ಹಾಳೆ ಹೆಕ್ತಾಳಲ್ಲ, ನಮ್ದೂ ನೀನೇ ಹೊತ್ಕಂಡು ಬಾ' ಅಂದ. ಅವ್ನ ಜೊತೆ ಇನ್ನೂ ಮೂರು ಜನದ್ದು. ನೀವು ನೋಡಿದ್ರೆ ಮೇಲಿಂದ ಚಪ್ಪಾಳೆ ಹೊಡ್ಸಿದ್ರಿ."

ಅಲ್ಲಿಗೆ ಬಾಯಿ ಮುಚ್ಚಬೇಕಿತ್ತು. ಮುಚ್ಚಲಿಲ್ಲ. "ಇದು ಕಲೆ ಕಣಮ್ಮ. ನಿನಗೆ ಅರ್ಥ ಆಗಲ್ಲ" ಅಂದುಬಿಟ್ಟೆ.

ಅವಳು ನನ್ನನ್ನೇ ನೋಡಿದಳು. "ನಿಮ್ಗೆ ಮಕ್ಳಿದಾರಾ?"

"ಮಗಳಿದ್ದಾಳೆ. ಸಾಗರದಲ್ಲಿ ಓದ್ತಾಳೆ."

"ಅವ್ಳು ಹಾಳೆ ಹೊತ್ಕಂಡು ಹೋಗ್ತಾಳಾ?"

ನನ್ನ ಮಗಳದು ಇಂಗ್ಲಿಷ್ ಮೀಡಿಯಂ. ಹಿಂದಿನ ವಾರವಷ್ಟೇ ಅವಳಿಗೆ ದೊಡ್ಡ ಬಣ್ಣದ ಡಬ್ಬಿ ಕೊಡಿಸಿದ್ದೆ, ನಾನೇ ಅಂಗಡಿಗೆ ಹೋಗಿ ಆರಿಸಿ.

"ಕಂಡೋರ ಮಕ್ಳನ್ನ ಬಾವಿಗೆ ತಳ್ಳಿ ಆಳ ನೋಡ್ತೀರಾ" ಅಂದು, ಚೀಲದಿಂದ ಹೊಸ ಕ್ರೇಯಾನ್ ಡಬ್ಬಿ ತೆಗೆದು ಮೇಜಿನ ಮೇಲಿಟ್ಟಳು. ಅಡಿಕೆ ಸುಲಿದು ಕಪ್ಪಾದ ಬೆರಳು. "ಎಲ್ರ ಮಕ್ಳೂ ಇದ್ರಲ್ಲೇ ಕಲಿಯೋದು. ಇವ್ಳಿಗೂ ಇದ್ರಲ್ಲೇ ಕಲ್ಸಿ. ಆ ಮುಖ ಕೊಡಿ, ಮನೆಗೆ ತಗಂಡು ಹೋಗ್ತೀನಿ. ಅದನ್ನ ನೋಡಿ ಊರೆಲ್ಲ ನಗೋದು ಬ್ಯಾಡ."

ಕೊಡಬಹುದಿತ್ತು. ಕೈಗೆಟುಕುವಲ್ಲೇ ಗೋಡೆಯ ಮೇಲಿತ್ತು. ಆದರೆ ಒಬ್ಬ ಕೂಲಿಯವಳು ನನ್ನ ಕ್ಲಾಸಿನಲ್ಲಿ ನಿಂತು ನನಗೇ ಪಾಠ ಹೇಳುವುದೇ ಎಂದು ಅವಮಾನದಿಂದ ಕುದಿಯುತ್ತಿದ್ದೆ. ಹೌದು, ಆಗ ಮನಸ್ಸಿಗೆ ಬಂದದ್ದು ಅದೇ ಮಾತು. ಬರೆಯಲು ಈಗ ಹೇಸಿಗೆಯಾಗುತ್ತದೆ. "ಪ್ರದರ್ಶನಕ್ಕೆ ಹೆಸರು ಕಳಿಸಿಯಾಗಿದೆ, ಈಗ ಕೊಡಕ್ಕಾಗಲ್ಲ" ಎಂದು ಸುಳ್ಳು ಹೇಳಿದೆ. ಅವಳು ಹೋದ ಮೇಲೆ ಹೆಸರು ಕಳಿಸಿದೆ.

ತೀರ್ಥಹಳ್ಳಿಯಲ್ಲಿ ಆ ಮುಖಕ್ಕೇ ಮೊದಲ ಬಹುಮಾನ. ಬಂದಿದ್ದ ಅತಿಥಿಗಳು ಅದರೆದುರು ನಿಂತು ಮೊಬೈಲಿನಲ್ಲಿ ಫೋಟೊ ಹೊಡೆದರು. "ಹಲ್ಲಿಲ್ಲದ ಬಾಯಿ ನೋಡ್ರೀ, ಎಷ್ಟು ಮಜವಾಗಿದೆ!" ಎಂದು ಒಬ್ಬರು ನಕ್ಕರು. ಸುತ್ತ ನಿಂತವರೂ ನಕ್ಕರು. ನಾನೂ ನಕ್ಕೆ. ಬಹುಮಾನ ಬಂದವನ್ನು ತಮ್ಮ ಆಫೀಸಿನ ಗೋಡೆಗೆ ಇಟ್ಟುಕೊಳ್ಳುತ್ತೇವೆ ಎಂದು ಸಂಘಟಕರು ಕಾಗದ ಚಾಚಿದರು. ಸಹಿ ಹಾಕಿ, ಪ್ರಶಸ್ತಿ ಪತ್ರ ಹಿಡಿದು ಬಸ್ಸು ಹತ್ತಿದೆ.

ಸೋಮವಾರ ಕ್ಲಾಸಿಗೆ ಹೋದಾಗ ಹುಡುಗಿ ಅಮ್ಮ ತಂದ ಕ್ರೇಯಾನಿನಲ್ಲಿ ಚಿತ್ರ ಬರೆಯುತ್ತಿದ್ದಳು. ಎರಡು ತ್ರಿಕೋನದ ಗುಡ್ಡ, ನಡುವೆ ಸೂರ್ಯ. ಹರಿಯಲು ನನ್ನ ಕೈ ಏಳಲಿಲ್ಲ. ಪ್ರಶಸ್ತಿ ಪತ್ರವನ್ನು ಅವಳ ಮುಂದಿಟ್ಟೆ. ಅವಳು ಅದನ್ನು ಓದಲಿಲ್ಲ. ನನ್ನ ಚೀಲದ ಕಡೆ ನೋಡಿದಳು.

"ಮುಖ ಎಲ್ಲಿ ಟೀಚರ್?"

"ಅಲ್ಲೇ ಇಟ್ಕೊಂಡ್ರು ಪುಟ್ಟಿ. ಗೋಡೆಗೆ ಹಾಕ್ತಾರಂತೆ."

"ಅಮ್ಮನ್ನ ಅಲ್ಲೇ ಬಿಟ್ಟು ಬಂದ್ರಾ?"

ಅವಳು ಪ್ರಶಸ್ತಿ ಪತ್ರವನ್ನು ಒಂದು ಬೆರಳಲ್ಲಿ ನನ್ನ ಕಡೆಗೆ ಸರಿಸಿದಳು. ಆಮೇಲೆ ಹಸಿರು ಕ್ರೇಯಾನ್ ತೆಗೆದು, ಗೆರೆ ದಾಟದ ಹಾಗೆ, ಗುಡ್ಡಕ್ಕೆ ಬಣ್ಣ ತುಂಬತೊಡಗಿದಳು.