ಮಗ್ಗ ಚಾಲೂ ಮಾಡ್ರಿ

ಮೊಣಕಾಲು ನೋವಿಗೆಂದು ಮೊನ್ನೆ ಜಮಖಂಡಿಯ ಔಷಧದ ಅಂಗಡಿಯಲ್ಲಿ ಬಿಸಿನೀರು ತುಂಬುವ ರಬ್ಬರ್ ಚೀಲ ತಂದೆ. ಪೊಟ್ಟಣ ಬಿಚ್ಚಿದ್ದೇ ತಡ, ಹೊಸ ರಬ್ಬರಿನ ವಾಸನೆ ಮೂಗಿಗೆ ಬಡಿಯಿತು. ಅದನ್ನು ಅಲ್ಲೇ ಇಟ್ಟು ಅಂಗಳಕ್ಕೆ ಹೋಗಿ ನಿಂತೆ. 'ಏನಾತ ನಿನಗ?' ಎಂದರು ನಮ್ಮನೆಯವರು. ಏನೂ ಇಲ್ಲ ಎಂದೆ. ಬನಹಟ್ಟಿಯ ನಮ್ಮ ಹಳೇ ಓಣಿಯ ಕಾಕು ನೆನಪಾಗಿದ್ದಳು...

ಕಾಕು, ಅಂದರೆ ಚಿಕ್ಕಮ್ಮ, ಎಂದು ಕರೆದರೂ ಅವಳು ನಮಗೆ ಬಳಗವೇನಲ್ಲ. ಗೋಡೆಗೆ ಗೋಡೆ ಹತ್ತಿದ ಮನೆ, ಅಷ್ಟೇ. ನಾನು ಮದುವೆಯಾಗಿ ಆ ಓಣಿಗೆ ಬಂದಾಗ ನಮ್ಮತ್ತೆಗಿಂತ ಮೊದಲು ನನ್ನನ್ನು ಬೈದವಳು ಅವಳು, ಅತ್ತೆ ಬೈದಾಗ ನನ್ನ ಪರ ಜಗಳಕ್ಕೆ ನಿಂತವಳೂ ಅವಳೇ. ಅವಳ ಗಂಡನನ್ನು ನಾವೆಲ್ಲ ಕಾಕಾ ಎನ್ನುತ್ತಿದ್ದೆವು. ಮನೆಯ ಹಿಂದಿನ ಕೋಣೆಯಲ್ಲಿ ಪಾವರ್‌ಲೂಮ್ ಹಾಕಿಕೊಂಡು ಸೀರೆ ನೇಯುತ್ತಿದ್ದರು. ಓಣಿಯಲ್ಲಿ ಎಲ್ಲರದೂ ಅದೇ ಕಸುಬು. ಬೆಳಗಾದರೆ ಖಟಾಖಟ್ ಸಪ್ಪಳ. ಮಾತಾಡಬೇಕೆಂದರೆ ಒದರಬೇಕು, ಗುಟ್ಟಿನ ಮಾತನ್ನೂ ನಾವು ಹೆಂಗಸರು ಒದರಿಯೇ ಹೇಳುತ್ತಿದ್ದೆವು! ಓಣಿಯಲ್ಲಿ ಯಾರಾದರೂ ತೀರಿಕೊಂಡರೆ ಮಾತ್ರ ಎಲ್ಲರೂ ಮಗ್ಗ ಬಂದ್ ಮಾಡುತ್ತಿದ್ದರು. ಮಣ್ಣು ಕೊಡುವುದು ಮುಗಿಯುವವರೆಗೆ ಯಾರೂ ಸ್ವಿಚ್ ಮುಟ್ಟುತ್ತಿರಲಿಲ್ಲ.

ಕಾಕಾ ಒಂದು ದಿನ ಮಗ್ಗದ ಮುಂದೆಯೇ ಕುಸಿದು ಬಿದ್ದರು. ಮಿದುಳಿನಲ್ಲಿ ರಕ್ತನಾಳ ಒಡೆದಿತ್ತು. ಜಮಖಂಡಿಯ ಒಂದು ದವಾಖಾನೆಯಲ್ಲಿ ಗಂಟಲಿಗೆ ನಳಿಗೆ ಇಳಿಸಿ ಉಸಿರಾಟದ ಯಂತ್ರ ಹಚ್ಚಿದರು. ಕಾಕಾ ಕಣ್ಣು ತೆರೆಯಲೇ ಇಲ್ಲ. ಕೊನೆಗೊಮ್ಮೆ ಡಾಕ್ಟರು ಕಾಕುವನ್ನೂ ಕಾಕಾನ ಅಣ್ಣನನ್ನೂ ಒಳಗೆ ಕರೆದರು. ಕಾಕು ನನ್ನ ಕೈ ಬಿಡಲಿಲ್ಲವಾದ್ದರಿಂದ ನಾನೂ ಹೋದೆ.

'ಮಿದುಳು ಪೂರಾ ಕೆಲಸ ಬಿಟ್ಟೈತ್ರಿ. ಆ ಉಸಿರು ಯಂತ್ರದ್ದು, ಅವರದಲ್ಲ. ಇನ್ನೊಬ್ಬ ಡಾಕ್ಟರೂ ನೋಡ್ಯಾರ. ಇಲ್ಲೇ ಇಡ್ತೀರೋ, ಮನಿಗೆ ಒಯ್ತೀರೋ, ನೀವು ಕೂಡಿ ವಿಚಾರ ಮಾಡ್ರಿ,' ಎಂದರು.

ಕಾಕಾನ ಅಣ್ಣ ತಮ್ಮನನ್ನು ಹೆಗಲ ಮೇಲೆ ಹೊತ್ತು ಬೆಳೆಸಿದ ಮನುಷ್ಯ. ಹೊರಗೆ ಬಂದವರೇ ಗೋಡೆ ಹಿಡಿದು ನಿಂತರು. 'ಎದಿ ಬಡಿಯಾಕತ್ತೈತಿ, ಮೈ ಬಿಸಿ ಐತಿ. ನಳಿಗಿ ತಗಿಯೂದಂದ್ರ ಕುತ್ತಿಗಿ ಹಿಚುಕಿದಂಗ ಅಲ್ಲೇನವಾ? ದೇವರು ಒಯ್ಯೂತನಕ ನಾವು ಕಾಯಬೇಕು.'

'ದೇವರು ಒಯ್ಯಾಕ ಬಂದು ನಿಂತಾನ್ರೀ ಭಾವಾರ. ಯಂತ್ರಾನ ಬಿಡವಲ್ದು,' ಎಂದಳು ಕಾಕು. 'ಮನ್ಯಾಗ, ಮಗ್ಗದ ಸಪ್ಪಳದಾಗ ನನ್ನ ಜೀವಾ ಹೋಗಬೇಕು ಅಂತ ಅವರು ಎಷ್ಟ ಸರ್ತಿ ಅಂದಾರ. ಇಲ್ಲೆ ಬ್ಯಾಡ್ರಿ.'

ಭಾವ ಸಿಟ್ಟಿಗೆದ್ದರು, ಅತ್ತರು, ಕೈ ಮುಗಿದರು. ಕಾಕು ಜಗ್ಗಲಿಲ್ಲ. ಅವರ ಮಾತು ಕೇಳಿದರೆ ಅವರದೇ ಖರೆ ಅನಿಸುತ್ತಿತ್ತು. ಇವಳ ಮುಖ ನೋಡಿದರೆ ಇವಳದೇ ಖರೆ. ಶಿವನೇ, ಇಂಥ ಹೊತ್ತು ವೈರಿಗೂ ಬೇಡ.

ಕೊನೆಗೆ ಕಾಕುವಿನ ಮಾತೇ ನಡೆಯಿತು. ಮನೆಗೆ ಒಯ್ಯುವ ಆಂಬುಲೆನ್ಸಿನಲ್ಲಿ ಕಾಕಾನ ನಳಿಗೆಗೆ ಒಂದು ರಬ್ಬರ್ ಚೀಲ ಜೋಡಿಸಿದರು. 'ನೀವು ಉಸಿರು ತಗೊಂಡಂಗ ಒಮ್ಮೆ ಒತ್ರಿ, ಬಿಡ್ರಿ. ನಿಲ್ಲಿಸಬ್ಯಾಡ್ರಿ,' ಎಂದು ನರ್ಸ್ ತೋರಿಸಿಕೊಟ್ಟಳು. ಕಾಕು ಎರಡು ಸಲ ಒತ್ತಿ ಲೆಕ್ಕ ತಪ್ಪಿದಳು. ನಾನೇ ತೆಗೆದುಕೊಂಡೆ. ಒತ್ತಿದರೆ ಕಾಕಾನ ಎದೆ ಏಳುತ್ತಿತ್ತು, ಬಿಟ್ಟರೆ ಇಳಿಯುತ್ತಿತ್ತು. ಕಬ್ಬಿನ ಹಂಗಾಮು ಬೇರೆ. ದಾರಿಯುದ್ದಕ್ಕೂ ಕಬ್ಬು ಹೇರಿದ ಟ್ರಾಕ್ಟರುಗಳು, ಎರಡೆರಡು ಟ್ರೇಲರ್. ಒಂದು ಕಡೆ ಗಾಡಿ ನಿಂತೇಬಿಟ್ಟಿತು. ಡ್ರೈವರ್ ಹಾರ್ನ್ ಹೊಡೆದದ್ದೇ ಹೊಡೆದದ್ದು. ನನ್ನ ಬೆವರು ಕಾಕಾನ ಹೊದಿಕೆಯ ಮೇಲೆ ತೊಟ್ಟಿಕ್ಕುತ್ತಿತ್ತು. ದಾರಿಯಲ್ಲಿ ನನ್ನ ಕೈ ಸೋತರೆ ಏನು ಗತಿ ಎಂಬುದೊಂದೇ ತಲೆಯಲ್ಲಿ.

ಓಣಿ ಮುಟ್ಟಿದಾಗ ನಡುಮಧ್ಯಾಹ್ನ. ಬಾಗಿಲು ತೆಗೆದರೆ ಒಂದು ಸಪ್ಪಳವಿಲ್ಲ. ದವಾಖಾನೆಯಿಂದ ಹೀಗೆ ತರುತ್ತಿದ್ದಾರೆಂದರೆ ಮುಗಿದಂತೆಯೇ ಎಂದು ತಿಳಿದು, ಗೌರವಕ್ಕೆ ಎಲ್ಲರೂ ಮೊದಲೇ ಮಗ್ಗ ಬಂದ್ ಮಾಡಿದ್ದರು. ಕಾಕಾನನ್ನು ಪಡಸಾಲೆಯಲ್ಲಿ ಮಲಗಿಸಿದರು. ಮಠದ ಅಯ್ಯನವರು ಹಣೆಗೆ ವಿಭೂತಿ ಹಚ್ಚಿ, ತುಟಿಗೆ ತೀರ್ಥ ಮುಟ್ಟಿಸಿದರು. ತೀರ್ಥ ಬಿದ್ದೊಡನೆ ಜೀವ ತಾನೇ ಹೋಗುತ್ತದೆ ಎಂದು ಎಲ್ಲರೂ ಕಾದರು. ನಾನು ಒತ್ತುತ್ತಲೇ ಇದ್ದರೆ ಹೇಗೆ ಹೋದೀತು? ಆ ಮೌನದಲ್ಲಿ ಚೀಲದ ಪುಸ್... ಪುಸ್... ಮಾತ್ರ ಕೇಳುತ್ತಿತ್ತು. ಮನೆ ತುಂಬ ಜನ, ಎಲ್ಲರ ಕಣ್ಣು ನನ್ನ ಕೈ ಮೇಲೆ. ನಿಲ್ಲಿಸು ಎನ್ನುವವರಿಲ್ಲ, ನಿಲ್ಲಿಸಬೇಡ ಎನ್ನುವವರೂ ಇಲ್ಲ. ನನಗೆ ಎಲ್ಲರ ಮೇಲೂ ಕೆಟ್ಟ ಸಿಟ್ಟು ಬಂದಿತ್ತು.

ಕಾಕು ಎದ್ದು ಬಾಗಿಲಿಗೆ ಹೋದಳು. 'ಮಗ್ಗ ಯಾಕ ಬಂದ್ ಮಾಡೀರಿ? ಅವರಿನ್ನೂ ಅದಾರ! ಚಾಲೂ ಮಾಡ್ರಿ!'

'ಏನ್ ಬೇ, ಹುಚ್ಚ ಹಿಡದೈತೇನ?' ಎಂದಳು ಒಬ್ಬ ಮುದುಕಿ. 'ಸಾವಿನ ಹೊತ್ತಿನ್ಯಾಗ ಯಾರರ ಮಗ್ಗ ಹೊಡೀತಾರೇನು?'

ಕಾಕು ಅವಳತ್ತ ನೋಡಲೂ ಇಲ್ಲ. ಕಾಕಾನ ಅಣ್ಣನ ಮುಂದೆ ಹೋಗಿ ನಿಂತಳು. 'ಭಾವಾರ, ನಿಮ್ಮ ತಮ್ಮನ ಮಗ್ಗ ನೀವ ಚಾಲೂ ಮಾಡ್ರಿ.'

ಆ ಸ್ವಿಚ್ ಒತ್ತಿದರೆ ಮುಂದೇನು ಎಂದು ಅವರಿಗೆ ಗೊತ್ತಿತ್ತು. ಎಲ್ಲರಿಗೂ ಗೊತ್ತಿತ್ತು. ಅವರು ಬಗ್ಗಿ ತಮ್ಮನ ಹೊದಿಕೆ ಸರಿಪಡಿಸಿದರು. ಆಮೇಲೆ ಟವೆಲಿನಿಂದ ಬಾಯಿ ಮುಚ್ಚಿಕೊಂಡು ಹಿಂದಿನ ಕೋಣೆಗೆ ಹೋದರು. ಮಗ್ಗ ಶುರುವಾಯಿತು. ಅದನ್ನು ಕೇಳಿ ಎದುರು ಮನೆಯದು, ಅದರಾಚೆಯದು, ಓಣಿಯೆಲ್ಲ ಶುರುವಾಯಿತು.

ಕಾಕು ಬಂದು ನನ್ನ ಪಕ್ಕ ಕೂತಳು. 'ಕೊಡ ಇಲ್ಲೆ.'

ನನ್ನ ಬೆರಳು ಸಡಿಲಾಗಲೇ ಇಲ್ಲ. ಒತ್ತುತ್ತಲೇ ಇದ್ದೆ. ಅವಳು ನನ್ನ ಕಿವಿಗೆ ಬಾಯಿ ಹಚ್ಚಿ ಒದರಿದಳು: 'ಇದು ನಿನ್ನ ಕೈಯಾಗ ಆಗಬಾರದು ಬೇ! ನನಗ ಕೊಡ!' ಒಂದೊಂದೇ ಬೆರಳು ಬಿಡಿಸಿ ಚೀಲ ತೆಗೆದುಕೊಂಡಳು. ತಾನೂ ಸ್ವಲ್ಪ ಹೊತ್ತು ಒತ್ತಿದಳು. ಆಮೇಲೆ ಕೈ ಸಡಿಲಿಸಿ ಕಾಕಾನ ತಲೆಯನ್ನು ತೊಡೆಯ ಮೇಲೆ ಎಳೆದುಕೊಂಡಳು. ಆ ಸಪ್ಪಳದಲ್ಲಿ ಕಾಕಾ ಯಾವಾಗ ಹೋದರೋ ತಿಳಿಯಲಿಲ್ಲ.

ಮುಂದೆ ಓಣಿಯವರು ಆಡಿಕೊಂಡರು. 'ಗಂಡನ್ನ ತಾನ ಕಳಿಸಿದಾಕಿ' ಎಂದರು. ನಾನು ನೀರಿನ ನಳದ ಮುಂದೆ ಒಬ್ಬೊಬ್ಬರ ಜೊತೆ ಜಗಳಾಡಿದೆ. ಆ ಚೀಲ ನಿಮ್ಮ ಕೈಗೆ ಕೊಡಬೇಕಿತ್ತು ಎಂದೆ. ಭಾವ ಅವಳ ವಿರುದ್ಧ ಒಂದು ಮಾತೂ ಆಡಲಿಲ್ಲ, ಅವಳ ಹೊಸ್ತಿಲನ್ನೂ ತುಳಿಯಲಿಲ್ಲ. ಅದೊಂದು ಅವಳನ್ನು ಒಳಗೊಳಗೇ ತಿಂದಿತು.

ಒಮ್ಮೆ ಜೋಳ ಹಸನು ಮಾಡುತ್ತ ಕೂತಾಗ ತಟ್ಟನೆ ಕೇಳಿದಳು: 'ಖರೆ ಹೇಳ. ನಾ ಕೊಂದ್ನೇನ?'

'ಛೇ ಛೇ, ಇಲ್ಲ ಕಾಕು,' ಎಂದೆ.

'ಅಷ್ಟ ಲಗೂನ ಹೇಳಬ್ಯಾಡ,' ಎಂದಳು. 'ನಾ ದಿನಾ ವಿಚಾರ ಮಾಡತೇನಿ. ನೀನೂ ಮಾಡಿ ಹೇಳ.'

ಆಮೇಲೆ ನಾವು ಜಮಖಂಡಿಗೆ ಮನೆ ಬದಲಿಸಿದೆವು. ಹೋಗಿ ಬಂದು ಮಾಡುತ್ತಿದ್ದೆ. ಅವಳು ಮತ್ತೆ ಕೇಳಲಿಲ್ಲ, ನಾನೂ ಆ ಮಾತು ತೆಗೆಯಲಿಲ್ಲ.

ಹೋದ ಮಳೆಗಾಲದಲ್ಲಿ ಕಾಕು ತೀರಿಕೊಂಡಳು. ಚಹಾ ಕುಡಿದು ಲೋಟ ಇಡುವಷ್ಟರಲ್ಲಿ ಹೋಯಿತಂತೆ ಜೀವ. ಆಡಿಕೊಂಡ ಅದೇ ಬಾಯಿಗಳು 'ಪುಣ್ಯವಂತಿ, ಯಾರಿಗೂ ತ್ರಾಸ ಕೊಡದ ಹೋದ್ಲು' ಎನ್ನುತ್ತಿದ್ದವು. ಕಾಕಾನ ಅಣ್ಣ ಅವತ್ತು ಹೊಸ್ತಿಲು ದಾಟಿ ಬಂದಿದ್ದರು. ಈಗ ಬಾಗಿಹೋಗಿದ್ದಾರೆ. ಅವಳ ಕಾಲ ಬಳಿ ಕೂತು, ನನ್ನನ್ನು ನೋಡಿ ಮೆಲ್ಲಗೆ ಹೇಳಿದರು: 'ಮಗ್ಗದ ಸ್ವಿಚ್ ನಾ ಒತ್ತಿದ್ನಲ್ಲವಾ... ನೀ ಒಬ್ಬಾಕಿನ ಅಲ್ಲ ಅಂತ ಇಕಿಗೆ ಹೇಳಬೇಕಂತ ಎಷ್ಟ ಸರ್ತಿ ಬಾಗಲತನಕ ಬಂದ್ನಿ. ಒಳಗ ಬರಾಕ ಆಗಲಿಲ್ಲ.'

ಇಷ್ಟು ವರ್ಷ ವಿಚಾರ ಮಾಡಿ ಮಾಡಿ, ಈಗ ನನ್ನ ಹತ್ತಿರವೂ ಉತ್ತರವಿದೆ. ಇಲ್ಲ ಕಾಕು, ನೀನು ಕೊಲ್ಲಲಿಲ್ಲ. ಲಗುಬಗೆಯಿಂದ ಹೇಳುತ್ತಿಲ್ಲ, ನಿಧಾನವಾಗಿಯೇ ಹೇಳುತ್ತಿದ್ದೇನೆ... ಕೇಳಲು ಅವಳಿಲ್ಲ.